ಐಫೋನ್ ನಮ್ಮ ಸಿಂಪ್ಯೂಟರಿನ ನಕಲೇ? ಮನೆಮಂದಿಯ ಗುಂಪಿನಲ್ಲಿ ನಡೆದ ವಾದ

ಜಯನಗರ ದೊಡ್ಡಪ್ಪ (ಫಾರ್ವರ್ಡ್ ಆದ ಸಂದೇಶ): ಐಫೋನ್ ಬರುವುದಕ್ಕೆ ಆರು ವರ್ಷ ಮೊದಲೇ, 2001ರಲ್ಲಿ, ನಮ್ಮ ಬೆಂಗಳೂರಿನ ವಿಜ್ಞಾನಿಗಳು ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರನ್ನು ತಯಾರಿಸಿದ್ದರು. ವಿದೇಶೀಯರು ಆ ಕಲ್ಪನೆಯನ್ನು ಕದ್ದು ಕೋಟ್ಯಧೀಶರಾದರು. ಪ್ರತಿಯೊಬ್ಬ ಕನ್ನಡಿಗನಿಗೂ ತಲುಪಿಸಿ.

ನಾನು: ದೊಡ್ಡಪ್ಪ, ಇದರಲ್ಲಿ ಮೊದಲ ವಾಕ್ಯ ನಿಜ, ಎರಡನೆಯದಕ್ಕೆ ಆಧಾರವಿಲ್ಲ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಆಲನ್ ಕೇ ಅವರು ಇಂಥದೊಂದು ಯಂತ್ರವನ್ನು 1968ರಲ್ಲೇ ಯೋಚಿಸಿ, ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದಾಗ 1972ರಲ್ಲಿ ‘ಡೈನಾಬುಕ್’ ಎಂಬ ಹೆಸರಿನಲ್ಲಿ ಬರೆದಿಟ್ಟರು. ನೋಟ್‌ಬುಕ್ಕಿನಷ್ಟು ಗಾತ್ರ, ಎರಡು ಕಿಲೋಗಿಂತ ಕಡಿಮೆ ತೂಕ, 500 ಡಾಲರ್ ಬೆಲೆ ಎಂದು ಲೆಕ್ಕವನ್ನೂ ಕೊಟ್ಟಿದ್ದರು. ಅದಕ್ಕೆ ತಕ್ಕ ಪರದೆಯಾಗಲಿ, ಬ್ಯಾಟರಿಯಾಗಲಿ, ಚಿಪ್ಪಾಗಲಿ ಆಗ ಇರಲಿಲ್ಲವಾದ್ದರಿಂದ, ಮರುವರ್ಷ ಅದೇ ಕೇಂದ್ರದಲ್ಲಿ ಸಿದ್ಧವಾದ ಆಲ್ಟೊ ಎಂಬ ಕಂಪ್ಯೂಟರಿನ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳಬೇಕಾಯಿತು. 1981ರಲ್ಲಿ ‘ಹೊತ್ತೊಯ್ಯಬಹುದು’ ಎಂದು ಮಾರಿದ ಆಸ್ಬೋರ್ನ್ ಎಂಬ ಕಂಪ್ಯೂಟರ್ ಸುಮಾರು 11 ಕಿಲೋ ತೂಗುತ್ತಿತ್ತು. ಅಷ್ಟು ಅಕ್ಕಿಯನ್ನು ಹಿಡಿದು ಗಾಂಧಿ ಬಜಾರಿನಿಂದ ಮನೆಗೆ ನಡೆದವರಿಗೆ ಆ ಮಾತಿನ ಬೆಲೆ ತಿಳಿದೀತು.

ಜಾಲಹಳ್ಳಿ ಮಾವ: ಕಾಗದದ ಮೇಲೆ ಬರೆಯುವುದೇ ಬೇರೆ, ಮಾಡಿ ತೋರಿಸುವುದೇ ಬೇರೆಯಮ್ಮ. 2004ರಲ್ಲಿ ಸರ್ಕಾರಿ ಕಂಪನಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರನ್ನು ನಾನು ಕೈಯಲ್ಲಿ ಹಿಡಿದು ನೋಡಿದವನು. ಅದರೊಳಗೆ ಚಲನೆಯನ್ನು ಗುರುತಿಸುವ ಸಂವೇದಕವಿತ್ತು. ಸಾಧನವನ್ನು ಸ್ವಲ್ಪ ಓರೆ ಮಾಡಿದರೆ ಪರದೆಯ ಮೇಲಿನ ಪುಟ ಸರಿಯುತ್ತಿತ್ತು. ಮೂರು ವರ್ಷಗಳ ನಂತರ, ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದೆಂದು ಲೋಕವೆಲ್ಲ ಬೆರಗಾದಾಗ ನನಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ.

ನಾನು: ಹೊಟ್ಟೆ ಉರಿಯುವ ವಿಷಯವೇ, ಮಾವ. ಆದರೆ ಬಾಗಿಲು ತೆರೆದಿಟ್ಟ ಮೇಲೆ ಕಳ್ಳತನದ ಮಾತೆಲ್ಲಿಂದ ಬಂತು? ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ಕಟ್ಟಿದ ಸಿಂಪ್ಯೂಟರ್ ಟ್ರಸ್ಟ್, ಬೇರೆಯವರೂ ಪರವಾನಗಿ ಪಡೆದು ತಯಾರಿಸಲಿ ಎಂದೇ ತನ್ನ ವಿನ್ಯಾಸವನ್ನು ಬಹಿರಂಗಪಡಿಸಿತ್ತು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾಗಿ ಅದರೊಳಗಿದ್ದ ಲಿನಕ್ಸ್ ಹೊರಗಿನದು, ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್ಪೂ ಹೊರಗಿನದು. ಅದೇ ಆರ್ಮ್ ಕುಟುಂಬದ ಚಿಪ್ಪನ್ನು ಆಪಲ್ 1993ರ ತನ್ನ ನ್ಯೂಟನ್ ಎಂಬ ಕೈಯಲ್ಲಿ ಹಿಡಿಯುವ ಸಾಧನದಲ್ಲೇ ಬಳಸಿತ್ತು.

ನಮ್ಮವರು ನಿಜವಾಗಿ ಹೊಸದಾಗಿ ಮಾಡಿದ್ದನ್ನೇ ಈ ಫಾರ್ವರ್ಡ್ ಬಿಟ್ಟುಬಿಟ್ಟಿದೆ ಎಂಬುದು ನನ್ನ ತಕರಾರು. ಡೈನಾಬುಕ್ ಮಗುವಿಗೊಂದು ಎಂಬ ಲೆಕ್ಕದಲ್ಲಿ ಹುಟ್ಟಿದ್ದರೆ, ಸಿಂಪ್ಯೂಟರ್ ಊರಿಗೊಂದು ಇದ್ದರೂ ಸಾಕೆಂಬ ಲೆಕ್ಕದಲ್ಲಿ ಹುಟ್ಟಿತು: ಪ್ರತಿಯೊಬ್ಬರೂ ತಮ್ಮ ವಿವರಗಳನ್ನು ಒಂದು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಂಡು, ಸರದಿ ಬಂದಾಗ ಆ ಕಾರ್ಡನ್ನು ತೂರಿಸಿ, ಕೆಲಸ ಮುಗಿಯುವವರೆಗೆ ಯಂತ್ರವನ್ನು ತಮ್ಮದಾಗಿಸಿಕೊಳ್ಳಬಹುದಿತ್ತು. ಓದು ಬಾರದವರಿಗಾಗಿ ಅದು ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆಯನ್ನೂ ಮಾಡಿದ್ದರು. 2007ರ ಐಫೋನಿನಲ್ಲಿ ಕನ್ನಡದ ಕೀಲಿಮಣೆಯೂ ಇರಲಿಲ್ಲ. ಕದ್ದಿದ್ದರೆ ಇದನ್ನಲ್ಲವೇ ಕದಿಯಬೇಕಿತ್ತು?

ಜಯನಗರ ದೊಡ್ಡಪ್ಪ: ಅಷ್ಟೆಲ್ಲ ಇದ್ದ ಯಂತ್ರ ಮೂಲೆಗುಂಪಾದದ್ದೇಕೆ? ನಮ್ಮವರ ಕೆಲಸವನ್ನು ನಾವೇ ಕೊಳ್ಳಲಿಲ್ಲ ಎನ್ನು.

ಜಾಲಹಳ್ಳಿ ಮಾವ: ಕೊಳ್ಳುವುದಾದರೂ ಹೇಗೆ, ಭಾವ? ಅಮಿಡಾದ ಅತ್ಯಂತ ಅಗ್ಗದ ಮಾದರಿಗೇ 9,950 ರೂಪಾಯಿ, ಬಣ್ಣದ ಪರದೆಯದ್ದಕ್ಕೆ ಅದರ ಎರಡರಷ್ಟು. ಅಷ್ಟರಲ್ಲಿ ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಮೊಬೈಲ್ ಸಿಗತೊಡಗಿತು, ಅದರಲ್ಲಿ ಮಗಳ ಜೊತೆ ಮಾತನಾಡಬಹುದಿತ್ತು. ಊರಿಗೊಂದು ಯಂತ್ರ ಎಂದರೆ ಕೊಳ್ಳಬೇಕಾದದ್ದು ಸರ್ಕಾರ. ಸರ್ಕಾರಗಳು ದೊಡ್ಡ ಪ್ರಮಾಣದಲ್ಲಿ ಕೊಳ್ಳಲಿಲ್ಲ.

ಮಲ್ಲೇಶ್ವರದ ಅತ್ತೆ: ಡೈನಾಬುಕ್ ಮಕ್ಕಳಿಗಾಗಿ ಎಂದೆಯಲ್ಲ, ಆ ಮಹಾನುಭಾವರು ನಮ್ಮ ಮೊಮ್ಮಗನನ್ನು ನೋಡಬೇಕಿತ್ತು. ಟ್ಯಾಬ್ ಮುಂದಿಟ್ಟುಕೊಂಡು ಕೂತರೆ ಊಟಕ್ಕೂ ಏಳುವುದಿಲ್ಲ.

ನಾನು: ಅತ್ತೆ, ಕೇ ಅವರ 1972ರ ಲೇಖನದಲ್ಲಿ ಒಂಬತ್ತು ವರ್ಷದ ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಮಲಗಿ, ತಮ್ಮ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಬಾಹ್ಯಾಕಾಶ ಯುದ್ಧದ ಆಟ ಆಡುತ್ತಾರೆ. ಅಲ್ಲಿಯವರೆಗೆ ನಿಮ್ಮ ಮೊಮ್ಮಗನಿಗೂ ಅವರಿಗೂ ವ್ಯತ್ಯಾಸವಿಲ್ಲ. ಆಮೇಲೆ, ಸೂರ್ಯನೂ ಹಡಗುಗಳನ್ನು ಎಳೆಯಬೇಕಲ್ಲವೇ ಎಂಬ ಪ್ರಶ್ನೆ ಹುಟ್ಟಿ, ಆಟದ ಪ್ರೋಗ್ರಾಮನ್ನೇ ತಿದ್ದಿ ಅದಕ್ಕೆ ಗುರುತ್ವಾಕರ್ಷಣೆಯನ್ನು ಸೇರಿಸಲು ಹೊರಡುತ್ತಾರೆ. ಗಾತ್ರ, ತೂಕ, ಬೆಲೆ ಎಲ್ಲವೂ ಕೇ ಅವರು ಬರೆದಂತೆಯೇ ಬಂದವು, ಈ ಭಾಗ ಮಾತ್ರ ಬರಲಿಲ್ಲ. ಈಗಿನ ಟ್ಯಾಬಿನಲ್ಲಿ ಯಾರೋ ಮಾಡಿಟ್ಟ ಆಟವನ್ನು ಆಡಬಹುದೇ ಹೊರತು, ಅದರ ಹೊಟ್ಟೆ ಬಗೆದು ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ.

ಜಯನಗರ ದೊಡ್ಡಪ್ಪ: ಆಯಿತು, ‘ಕದ್ದರು’ ಎಂಬುದನ್ನು ತೆಗೆದು, ಸ್ಮಾರ್ಟ್ ಕಾರ್ಡ್ ಮತ್ತು ಕನ್ನಡದಲ್ಲಿ ಓದಿ ಹೇಳುವ ವಿಷಯವನ್ನು ಸೇರಿಸಿ ಮತ್ತೊಮ್ಮೆ ಕಳುಹಿಸುತ್ತೇನೆ. ಆದರೆ ‘ಆರು ವರ್ಷ ಮೊದಲೇ’ ಎಂಬುದನ್ನು ಯಾರು ಹೇಳಿದರೂ ತೆಗೆಯುವುದಿಲ್ಲ. ಅಲ್ಲದೆ, ಕಳ್ಳತನವಿಲ್ಲದ ಸುದ್ದಿಯನ್ನು ನಮ್ಮ ವಾಕಿಂಗ್ ಗುಂಪಿನಲ್ಲಿ ಒಬ್ಬರೂ ಮುಂದಕ್ಕೆ ಕಳುಹಿಸುವುದಿಲ್ಲ ಎಂಬುದೂ ನಿನಗೆ ತಿಳಿದಿರಲಿ.