ರೇಖಾಗಣಿತದ ಪ್ರಮೇಯ ತಾನಾಗೇ ಹುಡುಕುವ ಸಾಫ್ಟ್‌ವೇರ್: ನಿಮ್ಮ ಅನುಭವ ಹೇಳಿ

ಚತುರ್ಭುಜ: ರೇಖಾಗಣಿತದ ಚಿತ್ರ ಹಾಕುವ ಸಾಫ್ಟ್‌ವೇರ್ ಜಿಯೋಜೀಬ್ರಾ ತಕ್ಕಮಟ್ಟಿಗೆ ಬರುತ್ತದೆ. ಲ್ಯಾಪ್‌ಟಾಪ್ ಹಳೆಯದು. ಚಕ್ರೀಯ ಚತುರ್ಭುಜ (ನಾಲ್ಕು ಶೃಂಗವೂ ಒಂದೇ ವೃತ್ತದ ಮೇಲಿರುವುದು) ಹಾಕಿ, ಅದರ ಗುಣಗಳನ್ನು ಸಾಫ್ಟ್‌ವೇರೇ ಹುಡುಕಿಕೊಡಬೇಕು. ಅದು ‘ನಿಜ’ ಎಂದರೆ ನಂಬಬಹುದಾ?

ಕಂಪಾಸು: ನಂಬುವ ಮುಂಚೆ ನನ್ನ ಪಾಡು ಕೇಳಿ. ಎ (0,0), ಬಿ (4,0), ಸಿ (2,3) ಅಂತ ತ್ರಿಭುಜ ಹಾಕಿದ್ದೆ. ಅಂತಃಕೇಂದ್ರ (ಒಳಗಿನ ಕೋನಾರ್ಧಕಗಳು ಸೇರುವ ಬಿಂದು) ಆಯ್ಲರ್ ರೇಖೆಯ (ಗುರುತ್ವಕೇಂದ್ರ, ಲಂಬಕೇಂದ್ರ, ಪರಿಕೇಂದ್ರ ಮೂರೂ ಇರುವ ಗೆರೆಯ) ಮೇಲೇ ಕೂತಿತ್ತು. ಸಾಫ್ಟ್‌ವೇರ್ ಕೂಡ ಹೌದು ಎಂದಿತು. ಎಲ್ಲ ತ್ರಿಭುಜಕ್ಕೂ ನಿಜ ಎಂದು ಸಾಧಿಸಲು 11 ದಿನ ಒದ್ದಾಡಿದೆ, ಎರಡು ನೋಟ್‌ಬುಕ್ ಮುಗಿದವು. 12ನೇ ದಿನ ಸುಮ್ನೆ ಸಿ ಬಿಂದುವನ್ನು ಕೂದಲೆಳೆಯಷ್ಟು ಎಳೆದೆ. ಅಂತಃಕೇಂದ್ರ ಆ ರೇಖೆಯಿಂದ ಜಾರಿತು! ಬಿಂದುಗಳು ಗ್ರಿಡ್‌ಗೆ ಅಂಟಿ ಸಮದ್ವಿಬಾಹು ತ್ರಿಭುಜ ಆಗಿಬಿಟ್ಟಿತ್ತು, ಅದರಲ್ಲಿ ಅಂತಃಕೇಂದ್ರ ಆ ರೇಖೆಯ ಮೇಲೇ ಇರುತ್ತದೆ.

ಕೋನಮಾಪಕ: ಅದು ನಿಮ್ಮ ತಪ್ಪು. ಜಿಯೋಜೀಬ್ರಾದ ‘ಸಂಬಂಧ’ ಟೂಲ್ ಮೊದಲು ಬರೀ ಅಂಕಿ ನೋಡಿ ಹೇಳುತ್ತದೆ. ‘ಇನ್ನಷ್ಟು’ ಒತ್ತಿದ ಮೇಲೇ ಬೀಜಗಣಿತದ ಪರೀಕ್ಷೆ. ನಾನು ಬಳಸುವುದು ಜಿಯೋಜೀಬ್ರಾ ಡಿಸ್ಕವರಿ ಎಂಬ ಪ್ರಾಯೋಗಿಕ ಆವೃತ್ತಿ, ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ತ್ರಿಭುಜದ ಬಾಹುಗಳ ಮೂರು ಮಧ್ಯಬಿಂದು, ಮೂರು ಲಂಬಪಾದ (ಶೃಂಗದಿಂದ ಇಳಿಸಿದ ಲಂಬ ಎದುರು ಬಾಹುವನ್ನು ತಾಗುವ ಬಿಂದು) ಹಾಕಿ ಒಂದು ಮಧ್ಯಬಿಂದುವಿಗೆ ‘ಡಿಸ್ಕವರ್’ ಆಜ್ಞೆ ಕೊಟ್ಟೆ. ಆರೂ ಬಿಂದುಗಳ ಮೇಲೆ ಹಾಯುವ ವೃತ್ತ ತಾನಾಗೇ ಮೂಡಿತು. ಆ ಕ್ಷಣ ಮರೆಯುವುದಿಲ್ಲ. ಬಿಂದು ಜಾಸ್ತಿಯಾದಂತೆ ಮಾತ್ರ ಜೀವ ಹಿಂಡುತ್ತದೆ. ಒಮ್ಮೆ 14 ಬಿಂದು ಹಾಕಿ 40 ನಿಮಿಷ ಕಾದು, ಕೊನೆಗೆ ಪವರ್ ಬಟನ್ ಒತ್ತಿ ಆಫ್ ಮಾಡಿದೆ. ಉಳಿಸದ ಚಿತ್ರ ಹೋಯಿತು.

ಕಂಪಾಸು: ನಾನು ‘ಇನ್ನಷ್ಟು’ ಒತ್ತಲಿಲ್ಲ ಅಂತ ನಿಮಗೆ ಯಾರು ಹೇಳಿದರು? ಒತ್ತಿದ್ದೆ. ಉತ್ತರವೇ ಬರಲಿಲ್ಲ.

ವೃತ್ತಪ್ರಿಯ: ಕೋನಾರ್ಧಕ (ಕೋನವನ್ನು ಸಮ ಎರಡು ಭಾಗ ಮಾಡುವ ಗೆರೆ) ಇದ್ದರೆ ಹಾಗೇ ಆಗುತ್ತದೆ. ಒಳಗಿನ ಅರ್ಧಕ ಯಾವುದು, ಹೊರಗಿನದು ಯಾವುದು ಎಂದು ಸಮೀಕರಣಕ್ಕೆ ತಿಳಿಯುವುದಿಲ್ಲ. ಒಂದು ತ್ರಿಭುಜಕ್ಕೆ ನಾಲ್ಕು ಕೇಂದ್ರ (ಒಳಗೊಂದು ಅಂತಃಕೇಂದ್ರ, ಹೊರಗೆ ಮೂರು ಬಹಿಃಕೇಂದ್ರ) ಹಿಡಿದುಕೊಂಡು ಕೂರುತ್ತದೆ. ಚಕ್ರೀಯ ಚತುರ್ಭುಜದ ಮೂರು ಮೂರು ಶೃಂಗ ತೆಗೆದುಕೊಂಡರೆ ನಾಲ್ಕು ತ್ರಿಭುಜ. ಅವುಗಳ ಅಂತಃಕೇಂದ್ರ ಸೇರಿಸಿದರೆ ಆಯತ. ಪರೀಕ್ಷೆಗೆ ಕೊಟ್ಟು ಮೂರು ರಾತ್ರಿ ಓಡಿಸಿದೆ, ಏನೂ ಬರಲಿಲ್ಲ. ಸಿಟ್ಟಿನಲ್ಲಿ ಬಹಿಃಕೇಂದ್ರಗಳನ್ನೂ ಹಾಕಿದೆ. ಒಟ್ಟು 16 ಬಿಂದು, ನಾಲ್ಕು ಅಡ್ಡ ಗೆರೆ, ನಾಲ್ಕು ಉದ್ದ ಗೆರೆಗಳ ಮೇಲೆ ಸಾಲಾಗಿ ಕೂತವು! ಪಕ್ಕಪಕ್ಕದ ಎರಡು ಶೃಂಗಗಳ ನಡುವಿನ ಕಂಸದ (ವೃತ್ತದ ತುಣುಕಿನ) ಮಧ್ಯಬಿಂದುವಿನಿಂದ ಆ ಎರಡು ಶೃಂಗಕ್ಕೂ ಅಂತಃಕೇಂದ್ರಕ್ಕೂ ಒಂದೇ ದೂರ ಎಂಬುದನ್ನು ಹಿಡಿದು, ಆಯತವನ್ನು ಕೈಯಲ್ಲೇ ಸಾಧಿಸಿದೆ. ಜಪಾನಿನ ಹಳೇ ಪ್ರಮೇಯ ಅಂತ ಆಮೇಲೆ ತಿಳಿಯಿತು. ಆದರೂ ಅದು ನನಗೆ ನಾನೇ ಕಂಡುಕೊಂಡದ್ದು.

ಹೊಸಬ: ಇಷ್ಟೆಲ್ಲ ಯಾಕೆ? ಗೂಗಲ್ ಡೀಪ್‌ಮೈಂಡ್‌ನ ಎಐ ಆಲ್ಫಾಜ್ಯಾಮಿಟ್ರಿ 2024ರಲ್ಲೇ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ 30 ಲೆಕ್ಕಗಳಲ್ಲಿ 25 ಬಿಡಿಸಿದೆ.

ಕೋನಮಾಪಕ: ಕೊಟ್ಟ ಲೆಕ್ಕ ಬಿಡಿಸುವುದು ಬೇರೆ, ಏನಿದೆ ಅಂತ ಹುಡುಕುವುದು ಬೇರೆ. ಚೀನಾದ ಗಣಿತಜ್ಞ ವೂ ಅವರ ವಿಧಾನದಿಂದ (ಚಿತ್ರವನ್ನು ಬಹುಪದಿಗಳಾಗಿ ಬರೆದು ಭಾಗಿಸಿ ನೋಡುವುದು) ಸಂಶೋಧಕ ಚೌ 1988ರ ಪುಸ್ತಕದಲ್ಲೇ 512 ಪ್ರಮೇಯ ಸಾಧಿಸಿ ತೋರಿಸಿದ್ದಾರೆ. ಹೊಸದು ಅಂತ ಕುಣಿಯಬೇಡಿ.

ಕಂಪಾಸು: 512 ಅಲ್ಲ, 5000 ಆಗಲಿ. ಬಹುಪದಿಗಳನ್ನು ಭಾಗಿಸಿ ‘ಶೇಷ ಸೊನ್ನೆ’ ಎಂದರೆ ನನಗೆ ಏನು ತಿಳಿಯಿತು? ಯಾಕೆ ನಿಜ ಅಂತ ಗೊತ್ತಾಗಬೇಕು ಅಲ್ವಾ? ಅದಕ್ಕೇ ಈಗ ಇನ್ನೊಂದು ಸಾಫ್ಟ್‌ವೇರ್ ಜಾವಾ ಜ್ಯಾಮಿಟ್ರಿ ಎಕ್ಸ್‌ಪರ್ಟ್ ಹಿಡಿದಿದ್ದೇನೆ. ಹೆಜ್ಜೆ ಹೆಜ್ಜೆಯಾಗಿ ಓದಲು ಬರುವ ಸಾಧನೆ ಕೊಡುತ್ತದೆ.

ಕೋನಮಾಪಕ: ಶೇಷ ಸೊನ್ನೆ ಬಂದರೆ ಅದೂ ಸಾಧನೆಯೇ. ನಿಮಗೆ ಓದಲು ಬೇಸರ, ಅಷ್ಟೇ.

ವೃತ್ತಪ್ರಿಯ: ಓದಿ ಬೇಸತ್ತವರಲ್ಲ ಅವರು, 11 ದಿನ ಕೂತವರು. ಮಾತು ಹಿಡಿತದಲ್ಲಿರಲಿ. ಚತುರ್ಭುಜ ಅವರೇ, ಮೊದಲು ಗ್ರಿಡ್‌ಗೆ ಅಂಟುವುದನ್ನು ಆಫ್ ಮಾಡಿ. ಕೋನಾರ್ಧಕದ ಬದಲು ಕಂಸದ ಮಧ್ಯಬಿಂದುಗಳಿಂದ ಚಿತ್ರ ಶುರು ಮಾಡಿ.