ಕಾಡಣಬೆ ತಿಂದು ವಾಂತಿಯಾದರೆ: ಬಲ್ಲವರ ಅನುಭವ ಬೇಕು

ಹೊಸನಗರದಿಂದ ಪ್ರಶ್ನೆ: ಮಳೆಗಾಲ ಹಿಡಿದೊಡನೆ ನಮ್ಮ ಕಡೆ ಎಲ್ಲರೂ ಅಣಬೆ ಹುಡುಕಿ ತರುತ್ತಾರೆ. ತಿಂದದ್ದು ವಿಷದ್ದೆಂದು ಗುರುತಿಸುವುದು ಹೇಗೆ, ಮನೆಯಲ್ಲಿ ಏನು ಮಾಡಬಹುದು?

ತೀರ್ಥಹಳ್ಳಿಯಿಂದ, ನಿವೃತ್ತ ನರ್ಸ್: ಊಟವಾದದ್ದು ಎಷ್ಟು ಹೊತ್ತಿಗೆ, ವಾಂತಿ ಶುರುವಾದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಎರಡು ಮೂರು ಗಂಟೆಯೊಳಗೆ ವಾಂತಿಭೇದಿ ಹಿಡಿದವರಲ್ಲಿ ಹೆಚ್ಚಿನವರು ಡ್ರಿಪ್ ಹಾಕಿಸಿಕೊಂಡು ಚೇತರಿಸಿಕೊಳ್ಳುತ್ತಾರೆ. ಆರು ಗಂಟೆ ಕಳೆದ ಮೇಲೆ, ಅಂದರೆ ರಾತ್ರಿ ಉಂಡು ಬೆಳಗಿನ ಜಾವಕ್ಕೆ ಹೊಟ್ಟೆ ಕಿವುಚಿದರೆ, ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ವಿಷವೆಂದೇ ಭಾವಿಸಿ ನಡೆದುಕೊಳ್ಳಬೇಕು. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮೋಸವಿರುವುದು ಎರಡನೆಯ ದಿನದಲ್ಲಿ. ವಾಂತಿ ನಿಂತು, ರೋಗಿ ಎದ್ದು ಕುಳಿತು ಗಂಜಿ ಕೇಳುತ್ತಾನೆ, ಮನೆಯವರು ಡಿಸ್ಚಾರ್ಜ್ ಮಾಡಿ ಎಂದು ಹಟ ಹಿಡಿಯುತ್ತಾರೆ. ಅಷ್ಟರಲ್ಲಿ ಲಿವರ್ ಒಳಗೊಳಗೇ ಹಾಳಾಗುತ್ತಿದ್ದು, ಮೂರು ನಾಲ್ಕನೆಯ ದಿನಕ್ಕೆ ಕಾಮಾಲೆ, ರಕ್ತಸ್ರಾವ, ಮಂಪರು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಲಿವರ್ ಪರೀಕ್ಷೆಯ ವರದಿಗಳು ನೆಟ್ಟಗಾಗುವ ತನಕ ಆಸ್ಪತ್ರೆ ಬಿಡಬೇಡಿ. ಔಷಧೀಯ ಇದ್ದಿಲು, ಧಾರಾಳವಾಗಿ ಡ್ರಿಪ್, ಎನ್-ಅಸಿಟೈಲ್‌ಸಿಸ್ಟೀನ್, ಸಿಕ್ಕಿದರೆ ಸಿಲಿಬಿನಿನ್, ಇವು ಚಿಕಿತ್ಸೆ. ಲಿವರ್ ಪೂರ್ತಿ ಸೋತರೆ ಕಸಿಯೊಂದೇ ದಾರಿ. ವಿಪರೀತ ಬೆವರು, ಜೊಲ್ಲು, ಕಣ್ಣೀರು ಬರುತ್ತಿದ್ದರೆ ಅದು ಮಸ್ಕರಿನ್ ಎಂಬ ಬೇರೆ ವಿಷ, ಅದಕ್ಕೆ ವೈದ್ಯರು ಅಟ್ರೋಪಿನ್ ಕೊಡುತ್ತಾರೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಸಾಗರದಿಂದ, ಕೃಷಿಕ: ನಮ್ಮ ಮನೆಯಲ್ಲಿ ಹುತ್ತದ ಅಣಬೆಯನ್ನು ಬಿಟ್ಟು ಬೇರೆಯದನ್ನು ಒಲೆಗೆ ಏರಿಸುವುದಿಲ್ಲ. ಕತ್ತಿಯಿಂದ ಕೊಯ್ಯದೆ ಬುಡಸಮೇತ ಅಗೆದು ನೋಡುತ್ತೇವೆ. ಹುತ್ತದ ಅಣಬೆಗೆ ಮಣ್ಣಿನಾಳಕ್ಕೆ ಇಳಿಯುವ ಬೇರಿನಂಥ ಕಾಂಡವಿರುತ್ತದೆ. ಬುಡದಲ್ಲಿ ಚೀಲದಂಥ ಪೊರೆ ಕಂಡರೆ ಎಸೆದುಬಿಡುತ್ತೇವೆ.

ಶಿವಮೊಗ್ಗದಿಂದ: ಸಾಗರದವರ ಮಾತು ಸರಿಯಾದರೂ, ಚೀಲವಿಲ್ಲದ್ದೆಲ್ಲ ನಿರಪಾಯವೆಂದು ಯಾರೂ ತಿಳಿಯಬಾರದು, ಲೆಪಿಯೋಟಾ ಕುಲದ ಕೆಲವು ಸಣ್ಣ ಅಣಬೆಗಳಲ್ಲಿಯೂ ಅದೇ ಅಮಾಟಾಕ್ಸಿನ್ ಇದೆ. ಬೆಳ್ಳಿ ನಾಣ್ಯ ಕಪ್ಪಾಗುವುದು, ಬೆಳ್ಳುಳ್ಳಿಯ ಬಣ್ಣ ತಿರುಗುವುದು, ಹುಳ ತಿಂದದ್ದು ಒಳ್ಳೆಯದೆನ್ನುವುದು, ಇವೆಲ್ಲ ಬುಡವಿಲ್ಲದ ನಂಬಿಕೆಗಳು. ಇನ್ನೊಂದು ವಿಷಯ: ಒಂದೇ ಬುಟ್ಟಿಯಲ್ಲಿ ಹಲವು ಜಾತಿ ಬೆರೆತಿರಬಹುದಾದ್ದರಿಂದ, ಬೇಗ ವಾಂತಿಯಾಯಿತೆಂದ ಮಾತ್ರಕ್ಕೆ ಅಪಾಯ ಕಳೆಯಿತೆನ್ನಲಾಗದು. 108ಕ್ಕೆ ಕರೆ ಮಾಡಿ. ಅದೇ ಸಾರು ಉಂಡ ಎಲ್ಲರನ್ನೂ, ಏನೂ ಆಗದವರನ್ನೂ ಸೇರಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಅಣಬೆಯನ್ನು, ಸಿಪ್ಪೆ ಬುಡಗಳನ್ನೂ ಬಿಡದೆ, ಪ್ಲಾಸ್ಟಿಕ್ಕಿನಲ್ಲಿ ಹಾಕದೆ ಕಾಗದದಲ್ಲಿ ಸುತ್ತಿ ಒಯ್ದರೆ ಜಾತಿ ಗುರುತಿಸಲು ಅನುಕೂಲವಾಗುತ್ತದೆ.