ಕಾಡಂಚಿನ ಮಕ್ಕಳನ್ನು ಅರಣ್ಯ ಮತ್ತು ವನ್ಯಜೀವಿ ವಿದ್ಯೆಯತ್ತ ಕರೆತರುವುದು ಹೇಗೆ?

ಕಬಿನಿ ತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವವಿಜ್ಞಾನ ಬೋಧಿಸುತ್ತಿದ್ದೇನೆ. ಒಂದು ಮಗ್ಗುಲಿಗೆ ನಾಗರಹೊಳೆ, ಇನ್ನೊಂದು ಮಗ್ಗುಲಿಗೆ ಬಂಡೀಪುರ ಇರುವ ಈ ಸೀಮೆಯ ಮಕ್ಕಳು ಪಿಯುಸಿ ಮುಗಿಸಿ ನರ್ಸಿಂಗ್, ಫಾರ್ಮಸಿ, ಎಂಜಿನಿಯರಿಂಗ್ ಎಂದು ಅರ್ಜಿ ತುಂಬುತ್ತಾರೆ. ಅರಣ್ಯಶಾಸ್ತ್ರ ಎಂಬುದೊಂದು ಪದವಿ ಇದೆ ಎಂಬುದನ್ನೇ ಹೆಚ್ಚಿನವರು ಕೇಳಿರುವುದಿಲ್ಲ. ಸಫಾರಿ ಜೀಪಿನಲ್ಲಿ ಬೆಂಗಳೂರಿನ ಮಕ್ಕಳು ಬಂದು ಹುಲಿ ನೋಡಿ, ಮುಂದೆ ತಾನು ವನ್ಯಜೀವಿ ವಿಜ್ಞಾನಿಯಾಗುತ್ತೇನೆಂದು ಹೇಳಿ ಹೋಗುತ್ತಾರೆ. ಅದೇ ಕಾಡಿನ ಅಂಚಿನಲ್ಲಿ ಹುಟ್ಟಿ, ಲದ್ದಿಯನ್ನು ನೋಡಿಯೇ ಆನೆ ಎಷ್ಟು ಹೊತ್ತಿಗೆ ದಾಟಿತೆಂದು ಹೇಳಬಲ್ಲ ನನ್ನ ವಿದ್ಯಾರ್ಥಿಗಳಿಗೆ ಆ ಯೋಚನೆಯೇ ಹೊಳೆಯುವುದಿಲ್ಲ.

ಹೊಳೆದರೂ ಮನೆಯವರು ಒಪ್ಪುವುದು ಕಷ್ಟ. ಪೋಷಕರ ಸಭೆಯಲ್ಲಿ ಈ ಮಾತೆತ್ತಿದಾಗ ಒಬ್ಬ ತಂದೆ, "ರಾತ್ರಿಯೆಲ್ಲಾ ಅಟ್ಟಣೆ ಮೇಲೆ ಕೂತು ಆನೆ ಕಾಯೋದು ನಾವು, ಬೇಲಿ ದಾಟಿದ್ರೆ ಕೇಸು ಹಾಕೋದು ಅರಣ್ಯ ಇಲಾಖೆಯವರು, ಅಂಥ ಕಡೆಗೆ ನಮ್ಮ ಮಗಳನ್ನ ಕಳಿಸ್ಬೇಕಾ ಮೇಡಂ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಅಲ್ಲಗಳೆಯಲು ನನ್ನಿಂದಾಗಲಿಲ್ಲ. ಆದ್ದರಿಂದ ಇಲ್ಲಿರುವ ಅನುಭವಿಗಳನ್ನು ಕೇಳುತ್ತಿದ್ದೇನೆ: ಈ ಮಕ್ಕಳಿಗೆ ಯಾವ ಯಾವ ದಾರಿಗಳಿವೆ, ಮತ್ತು ಕಾಡಿನೊಂದಿಗೆ ದಿನವೂ ಜಗಳದಲ್ಲಿರುವ ಮನೆಯಿಂದ ಬಂದ ಮಗುವನ್ನು ಯಾವ ಮಾತಿನಿಂದ ಈ ಕಡೆ ಕರೆಯಬೇಕು?

ನಿವೃತ್ತ ವಲಯಾಧಿಕಾರಿ:

ಮೇಡಂ, ತಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಆನೆ ನುಗ್ಗಿದ ಹೊಲಕ್ಕೆ ಬೆಳಿಗ್ಗೆ ಸ್ಥಳ ಪರಿಶೀಲನೆಗೆ ಹೋಗುವ ನೌಕರನಿಗೆ, ರಾಗಿ ಹಾಲುಗಾಳಿನ ಹಂತದಲ್ಲಿತ್ತೋ ಕೊಯ್ಲಿಗೆ ಬಂದಿತ್ತೋ, ತಿಂದದ್ದೆಷ್ಟು, ತುಳಿದು ಹಾಳಾದದ್ದೆಷ್ಟು, ಮಗುಚಿ ಬಿದ್ದ ಪೈರು ಮತ್ತೆ ಎದ್ದು ನಿಲ್ಲುತ್ತದೆಯೋ ಇಲ್ಲವೋ ಎಂಬುದು ನೋಡಿದೊಡನೆ ತಿಳಿಯಬೇಕು. ತಿಳಿದರೆ ಮಹಜರು ನ್ಯಾಯವಾಗಿರುತ್ತದೆ, ತಿಳಿಯದಿದ್ದರೆ ರೈತನಿಗೂ ಇಲಾಖೆಗೂ ಜೀವಮಾನದ ವೈರ ಬೆಳೆಯುತ್ತದೆ. ಪೇಟೆಯಲ್ಲಿ ಬೆಳೆದ ಹುಡುಗನಿಗೆ ಇದನ್ನು ಕಲಿಸಲು ವರ್ಷಗಳೇ ಬೇಕಾಗುತ್ತವೆ. ಅಟ್ಟಣೆಯ ಮೇಲೆ ಮಲಗಿ ಬೆಳೆದವಳಿಗೆ ಅದು ಬಂದೇ ಇರುತ್ತದೆ. ಆ ತಂದೆಗೆ ಇದನ್ನೇ ಹೇಳಿ. ಅವರು ಹೇಳುವ ಅನ್ಯಾಯ ನಿಜವಾಗಿದ್ದರೆ, ಅದನ್ನು ಸರಿಪಡಿಸುವ ಕುರ್ಚಿಯಲ್ಲಿ ಅವರ ಮಗಳೇ ಏಕೆ ಕೂರಬಾರದು?

ಇನ್ನು ದಾರಿಗಳ ವಿಚಾರ. ಅರಣ್ಯ ವೀಕ್ಷಕ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಸಾಕು. ಗಸ್ತು ಅರಣ್ಯ ಪಾಲಕ, ಅಂದರೆ ಜನ ಇಂದಿಗೂ ಗಾರ್ಡ್ ಎಂದೇ ಕರೆಯುವ ಹುದ್ದೆಗೆ, ಪಿಯುಸಿ ಮುಗಿಸಿರಬೇಕು ಮತ್ತು ಓಟವೇ ಮೊದಲಾದ ದೈಹಿಕ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಬೇಕು. ಅದರ ಮೇಲೆ ಉಪ ವಲಯ ಅರಣ್ಯ ಅಧಿಕಾರಿ, ವಲಯ ಅರಣ್ಯ ಅಧಿಕಾರಿ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಹುದ್ದೆಗಳಿವೆ. ಎಲ್ಲಕ್ಕೂ ಮೇಲೆ ಕೇಂದ್ರ ಲೋಕಸೇವಾ ಆಯೋಗದ ಮೂಲಕ ಆಯ್ಕೆಯಾಗುವ ಭಾರತೀಯ ಅರಣ್ಯ ಸೇವೆ ಇದೆ. ಆ ಪರೀಕ್ಷೆಗೆ ಎಲ್ಲ ಪದವೀಧರರೂ ಕೂರುವಂತಿಲ್ಲ ಎಂಬುದನ್ನು ಪಿಯುಸಿಯಲ್ಲಿಯೇ ಮಕ್ಕಳ ಕಿವಿಗೆ ಹಾಕಬೇಕು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೌತ, ರಸಾಯನ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯ ಇವುಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಪಡೆದಿರಬೇಕು. ಇತಿಹಾಸ, ರಾಜ್ಯಶಾಸ್ತ್ರಗಳಲ್ಲಿ ಬಿ.ಎ. ಮಾಡಿದ ಮೇಲೆ ಇದು ಗೊತ್ತಾಗಿ ಕೈಹಿಸುಕಿಕೊಂಡವರನ್ನು ಕಂಡಿದ್ದೇನೆ. ಈ ಸೇವೆಗೆ ಆಯ್ಕೆಯಾಗುವವರು 4 ಗಂಟೆಗಳಲ್ಲಿ ಗಂಡಸರಾದರೆ 25 ಕಿ.ಮೀ., ಹೆಂಗಸರಾದರೆ 14 ಕಿ.ಮೀ. ನಡೆದು ತೋರಿಸಬೇಕು, ತಮ್ಮ ಕಡೆಯ ಮಕ್ಕಳಿಗೆ ಅದೊಂದು ಲೆಕ್ಕವಲ್ಲ.

ಒಂದು ಕೋರಿಕೆ: ಹುಲಿಯ ಚಿತ್ರ ತೋರಿಸಿ ಯಾರನ್ನೂ ಕರೆಯಬೇಡಿ. ಕೆಲಸ ಬಹುಪಾಲು ಹುಲಿಯದ್ದಲ್ಲ. ಬೇಸಿಗೆಗೆ ಮುಂಚೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಗಿಡಗಂಟಿ ಸವರಿದ ಪಟ್ಟಿ) ತೆಗೆಸಬೇಕು, ಲಂಟಾನದ ಕಳೆ ಕಡಿಸಬೇಕು, ಮರಗಳ್ಳತನದ ಪ್ರಕರಣದಲ್ಲಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದು ಸಾಕ್ಷಿ ಹೇಳಬೇಕು, ನರ್ಸರಿಯ ಕೂಲಿ ಬಿಲ್ಲು ಬರೆಯಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಹಸಿಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದವರ ಪೈಕಿ ಹೆಚ್ಚಿನವರು ಕೆಳಹಂತದ ನೌಕರರು ಮತ್ತು ಸುತ್ತಲಿನ ಊರಿನವರು. ಇದನ್ನೆಲ್ಲ ಕೇಳಿದ ಮೇಲೂ ಬರುತ್ತೇನೆನ್ನುವ ಮಗು ಬಂದರೆ ಉಳಿಯುತ್ತದೆ.

ಪೊನ್ನಂಪೇಟೆ ಹಳೆ ವಿದ್ಯಾರ್ಥಿ:

ಸರ್ ಬರೆದುದಕ್ಕೆ ಓದಿನ ಭಾಗವನ್ನು ಸೇರಿಸುತ್ತೇನೆ. ರಾಜ್ಯದಲ್ಲಿ ಅರಣ್ಯಶಾಸ್ತ್ರದ ನಾಲ್ಕು ವರ್ಷದ ಬಿ.ಎಸ್ಸಿ. ಪದವಿಗೆ ಎರಡು ಹೆಸರಾಂತ ಕಾಲೇಜುಗಳಿವೆ: ಕೊಡಗಿನ ಪೊನ್ನಂಪೇಟೆಯದು ಒಂದು, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯದು ಇನ್ನೊಂದು. ಎರಡಕ್ಕೂ ಪ್ರವೇಶ ಸಿಇಟಿ ಮೂಲಕವೇ. ತಮ್ಮ ಮಕ್ಕಳಿಗೆ ಬಹಳ ಉಪಯೋಗವಾಗುವ ಸಂಗತಿಯೆಂದರೆ, ಇದು ಕೃಷಿ ವಿಜ್ಞಾನದ ಗುಂಪಿಗೆ ಸೇರಿದ ಪದವಿಯಾದ್ದರಿಂದ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ ಮತ್ತು ಅದಕ್ಕಾಗಿ ಒಂದು ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಕಳೆ, ಗೊಬ್ಬರ, ವ್ಯವಸಾಯದ ಉಪಕರಣ ಮೊದಲಾದವನ್ನು ನೋಡಿ ಗುರುತಿಸುವ ಆ ಪರೀಕ್ಷೆಯಲ್ಲಿ ಹಳ್ಳಿಯ ಮಕ್ಕಳು ಕೋಚಿಂಗ್ ಇಲ್ಲದೆಯೇ ಮುಂದಿರುತ್ತಾರೆ. ಆದರೂ ಎಷ್ಟೋ ಮಂದಿ ಅರ್ಜಿಯಲ್ಲಿ ಆ ಕೋಟಾ ಕೋರುವುದನ್ನೇ ಮರೆತು, ಆಮೇಲೆ ನಮ್ಮಂಥವರಿಗೆ ಫೋನ್ ಮಾಡುತ್ತಾರೆ.

ಒಳಗೆ ಕಲಿಸುವುದೇನು ಎಂದು ಕೇಳಿದರೆ, ಮರ ಬೆಳೆಸುವ ವಿಜ್ಞಾನ, ಮರಗಳನ್ನು ಗುರುತಿಸುವುದು, ಅಳೆಯುವುದು, ಮರಮಟ್ಟಿನ ಗುಣ, ಕೃಷಿ ಅರಣ್ಯ, ಮಣ್ಣು ಮತ್ತು ಜಲಾನಯನ, ಕಾಯಿದೆಗಳು, ಹಾಗೆಯೇ ವನ್ಯಜೀವಿ ನಿರ್ವಹಣೆ. ಮೊದಲ ವರ್ಷವೇ ಟೇಪು ಕೊಟ್ಟು ತೋಟಕ್ಕೆ ಕಳಿಸುತ್ತಾರೆ; ಬುಡದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ಹಿಡಿಯಬೇಕು, ಇಳಿಜಾರಿನಲ್ಲಿರುವ ಮರವಾದರೆ ಮೇಲ್ಬದಿಯಲ್ಲಿ ನಿಂತು ಅಳೆಯಬೇಕು, ಅದೇ ಎತ್ತರದಲ್ಲಿ ಗಂಟಿದ್ದರೆ ಏನು ಮಾಡಬೇಕೆಂಬುದಕ್ಕೂ ನಿಯಮವಿದೆ. ಮಳೆಗಾಲದ ಕೊಡಗಿನಲ್ಲಿ ಜಿಗಣೆ ಕಿತ್ತು ಹಾಕುತ್ತಾ ನೂರು ಮರ ಅಳೆದ ಮೇಲೆ, ಪ್ರಕೃತಿಪ್ರೇಮ ಬೇರೆ, ಅರಣ್ಯಶಾಸ್ತ್ರ ಬೇರೆ ಎಂಬುದು ತಾನಾಗಿಯೇ ಮನದಟ್ಟಾಗುತ್ತದೆ.

ಉದ್ಯೋಗದ ಬಗ್ಗೆ ಬಣ್ಣ ಬಳಿದು ಹೇಳಬಾರದು. ವಲಯ ಅರಣ್ಯ ಅಧಿಕಾರಿಗಳ ನೇರ ನೇಮಕಾತಿಯಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಒಂದು ಪಾಲು ಮೀಸಲಿದೆ, ಆದರೆ ಆ ಪಾಲನ್ನು ಸರ್ಕಾರ ಬದಲಿಸುತ್ತಾ ಬಂದಿದೆ. ಇದರ ವಿರುದ್ಧ ಎರಡೂ ಕಾಲೇಜುಗಳ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಉಂಟು. ನೇಮಕಾತಿ ಪ್ರತಿ ವರ್ಷ ಬರುವುದೂ ಇಲ್ಲ. ಹಾಗಾಗಿ ಆರ್‌ಎಫ್‌ಒ, ಅಂದರೆ ವಲಯ ಅರಣ್ಯ ಅಧಿಕಾರಿ, ಆಗುವುದೊಂದೇ ಗುರಿ ಎಂದು ಸೇರಿದವರಿಗೆ ನಿರಾಸೆ ಕಾದಿರಬಹುದು. ಆದರೆ ಇದೇ ಪದವಿಯಿಂದ ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಬಹುದು, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕಡೆ ಸಂಶೋಧನೆಗೆ ಹೋಗಬಹುದು, ಕಾಗದದ ಕಾರ್ಖಾನೆಗಳು ರೈತರಿಂದ ಮರ ಬೆಳೆಸುವ ಯೋಜನೆಗಳಲ್ಲಿ ಸೇರಬಹುದು. 2001ರ ಕಾಯಿದೆ ತಿದ್ದುಪಡಿಯ ನಂತರ ತನ್ನ ಜಮೀನಿನ ಶ್ರೀಗಂಧಕ್ಕೆ ರೈತನೇ ಒಡೆಯನಾಗಿರುವುದರಿಂದ, ಗಂಧ ಬೆಳೆಯುವವರಿಗೆ ಸಲಹೆ ಕೊಡುವ ತಿಳಿವಳಿಕಸ್ಥರ ಅಗತ್ಯ ಎಲ್ಲ ಜಿಲ್ಲೆಗಳಲ್ಲೂ ಇದೆ. ಗಂಧದ ಸಸಿಗೆ ಆಸರೆ ಗಿಡ (ಅದರ ಬೇರು ಪೋಷಕಾಂಶ ಹೀರಿಕೊಳ್ಳುವ ಪಕ್ಕದ ಗಿಡ) ಬೇಕೆಂಬ ಮೊದಲ ಪಾಠವೂ ತಿಳಿಯದವರು ಈಗ ಅಂಥ ಸಲಹೆ ಮಾರುತ್ತಿದ್ದಾರೆ ಎಂಬುದು ನನ್ನ ಖಾಸಗಿ ಸಿಟ್ಟು.

ಜಾಡು:

ನಾನು ವನ್ಯಜೀವಿ ಸಂಶೋಧನೆಯ ಕಡೆಯವಳು. ಅರಣ್ಯ ಇಲಾಖೆ ಸೇರುವುದಕ್ಕೂ ವನ್ಯಜೀವಿ ವಿಜ್ಞಾನ ಓದುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಈ ವಿಜ್ಞಾನದಲ್ಲಿ ಮುಖ್ಯ ಓದು ಆರಂಭವಾಗುವುದು ಸ್ನಾತಕೋತ್ತರ ಹಂತದಲ್ಲಿ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ನಮ್ಮ ಕುವೆಂಪು ವಿಶ್ವವಿದ್ಯಾಲಯ ಇವುಗಳಲ್ಲಿ ಎಂ.ಎಸ್ಸಿ. ಕೋರ್ಸುಗಳಿವೆ. ಮೊದಲೆರಡರಲ್ಲಿ ಸೀಟುಗಳು ಬೆರಳೆಣಿಕೆಯವು. ಪದವಿಯಲ್ಲಿ ಪ್ರಾಣಿಶಾಸ್ತ್ರವನ್ನೇ ಓದಿರಬೇಕೆಂಬುದೇನಿಲ್ಲ. ಹುಲಿಗಳ ಅಧ್ಯಯನಕ್ಕೆ ಜಗತ್ತಿನಾದ್ಯಂತ ಹೆಸರಾದ ಡಾ. ಉಲ್ಲಾಸ ಕಾರಂತರು ಓದಿದ್ದು ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಗಣಿತಕ್ಕೆ ಹೆದರಿ ಜೀವವಿಜ್ಞಾನ ಆರಿಸಿಕೊಳ್ಳುವ ಮಕ್ಕಳಿಗೆ ಮಾತ್ರ ಒಂದು ಎಚ್ಚರಿಕೆ ಕೊಡಿ: ಇಲ್ಲಿ ದಿನದ ಊಟ ಸಂಖ್ಯಾಶಾಸ್ತ್ರವೇ.

ಕ್ಯಾಮೆರಾ ಟ್ರ್ಯಾಪಿನ, ಅಂದರೆ ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾದ, ಕೆಲಸವನ್ನೇ ನೋಡಿ. ಒಂದೊಂದು ಹುಲಿಯನ್ನೂ ಪಟ್ಟೆಯಿಂದಲೇ ಗುರುತಿಸುತ್ತೇವೆ; ಎಡಮೈಯ ಪಟ್ಟೆ ಬಲಮೈಯಲ್ಲಿ ಇರುವುದಿಲ್ಲವಾದ್ದರಿಂದ ದಾರಿಯ ಎರಡೂ ಬದಿಗೆ, ಸುಮಾರು ಮೊಣಕಾಲೆತ್ತರಕ್ಕೆ ಜೋಡಿ ಕ್ಯಾಮೆರಾ ಕಟ್ಟಬೇಕು. ಎದುರುಬದುರಾದರೆ ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರವನ್ನು ಕೆಡಿಸುತ್ತದೆಂದು ತುಸು ಓರೆಯಾಗಿಡಬೇಕು. ಮುಂದಿನ ಹುಲ್ಲು ಸವರದಿದ್ದರೆ ಗಾಳಿಗೆ ಅಲುಗಾಡಿದ ಗರಿಕೆಯ ಚಿತ್ರಗಳಿಂದಲೇ ಕಾರ್ಡು ತುಂಬಿಹೋಗುತ್ತದೆ. ಯಾವ ತಿರುವಿನಲ್ಲಿ ಕಟ್ಟಿದರೆ ಹುಲಿ ಹಾದೀತು ಎಂಬುದನ್ನು ನಮಗೆ ಕಲಿಸಿದವರು ಬಹುಮಟ್ಟಿಗೆ ಹಾಡಿಗಳ, ಅಂದರೆ ಕಾಡಂಚಿನ ಬುಡಕಟ್ಟು ಊರುಗಳ, ಜೇನುಕುರುಬ ಸಹಾಯಕರು. 2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ ಬಂದ 563 ಎಂಬ ಹುಲಿಗಳ ಸಂಖ್ಯೆಯ ಹಿಂದೆ ಅಂಥ ನೂರಾರು ಜನರ ಕಾಲ್ನಡಿಗೆ ಇದೆ, ಆದರೆ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಹಾಡಿಯ ಹೆಸರು ಕಾಣುವುದು ಅಪರೂಪ. ಮೇಡಂ, ತಮ್ಮ ತರಗತಿಯಲ್ಲಿ ಹಾಡಿಯ ಮಕ್ಕಳಿದ್ದರೆ, ಅವರನ್ನು ಸಹಾಯಕರ ಕೆಲಸಕ್ಕಲ್ಲ, ಎಂ.ಎಸ್ಸಿ.ಗೇ ಸಿದ್ಧಪಡಿಸಿ. ಅವರಿಗೆ ಎದುರಾಗುವ ದೊಡ್ಡ ಅಡ್ಡಿ ಇಂಗ್ಲಿಷ್, ಕಾಡಿನ ಜ್ಞಾನವಲ್ಲ. ಸಂಶೋಧನೆಯಲ್ಲಿ ಸಂಬಳ ಯೋಜನೆ ಇರುವವರೆಗೆ ಮಾತ್ರ ಬರುತ್ತದೆ ಎಂಬುದನ್ನೂ ಮುಚ್ಚಿಡಬೇಡಿ.

ಹೊಲದ ಬದು:

ನಾನು ಓದಿದವನಲ್ಲ, ಆದರೂ ಒಂದು ಮಾತು ಬರೆಯಲೇಬೇಕೆನಿಸಿತು. ನಮ್ಮ ಅಣ್ಣನ ಮಗ ಪಿಯುಸಿ ಮಾಡಿ, ಕಳ್ಳಬೇಟೆ ತಡೆ ಶಿಬಿರದಲ್ಲಿ ಹೊರಗುತ್ತಿಗೆ ವಾಚರ್ ಆಗಿ ವರ್ಷಗಳಿಂದ ದುಡಿಯುತ್ತಿದ್ದಾನೆ. ಮಳೆಯಲ್ಲಿ ಗಸ್ತು, ಬೇಸಿಗೆಯಲ್ಲಿ ಬೆಂಕಿ, ಆನೆ ಓಡಿಸಲು ರಾತ್ರಿ ಕರೆ ಎಲ್ಲವೂ ಕಾಯಂ ನೌಕರರಷ್ಟೇ. ಸಂಬಳ ಮಾತ್ರ ಗುತ್ತಿಗೆದಾರ ಕೊಟ್ಟಾಗ ಬರುತ್ತದೆ. ಕಾಡಿನ ಕೆಲಸಕ್ಕೆ ಮಕ್ಕಳನ್ನು ಕರೆಯಿರಿ ಎಂದು ಇಲ್ಲಿ ಬರೆಯುವವರು ಅವನಂಥವರ ವಿಚಾರವನ್ನು ಏಕೆ ಬರೆಯುತ್ತಿಲ್ಲ?

ನಿವೃತ್ತ ವಲಯಾಧಿಕಾರಿ:

ತಾವು ಹೇಳಿದ್ದು ಸರಿಯಾಗಿದೆ, ಅದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಶಿಬಿರಗಳು ನಡೆಯುತ್ತಿರುವುದೇ ಇಂಥ ಹುಡುಗರಿಂದ. ಆದರೆ ಹುಡುಗನಿಗೆ ವಯಸ್ಸು ಮೀರಿಲ್ಲವಾದರೆ, ಶಿಬಿರದಲ್ಲಿದ್ದುಕೊಂಡೇ ಗಾರ್ಡ್ ನೇಮಕಾತಿಗೆ ಅರ್ಜಿ ಹಾಕಿಸಿ. ಹೊರಗುತ್ತಿಗೆಯ ಸೇವೆ ತಾನಾಗಿ ಕಾಯಂ ಆಗುತ್ತದೆಂಬ ಭರವಸೆಯ ಮೇಲೆ ಕಾಯುತ್ತಾ ಕೂತು ವಯೋಮಿತಿ ದಾಟಿದವರು ಬಹಳ ಮಂದಿ ಇದ್ದಾರೆ. ಮೇಡಂ, ತಮ್ಮ ಮಕ್ಕಳಿಗೂ ಮೊದಲು ಇದನ್ನೇ ಹೇಳಿ: ಪಿಯುಸಿ ಮುಗಿದ ಕೂಡಲೇ ಸಿಕ್ಕಿತೆಂದು ವಾಚರ್ ಕೆಲಸಕ್ಕೆ ಹೋಗುವ ಬದಲು, ಸಾಧ್ಯವಿದ್ದವರು ಪದವಿಗೆ ಸೇರಲಿ.

ಕಬಿನಿ ತೀರ:

ಎಲ್ಲರಿಗೂ ಕೃತಜ್ಞತೆಗಳು. ಹೊಲದ ಬದು ಅವರೇ, ತಮ್ಮ ಮಾತನ್ನು ಪೋಷಕರ ಸಭೆಯಲ್ಲಿ ನಾನೇ ಓದಿ ಹೇಳುತ್ತೇನೆ. ಅದನ್ನು ಮರೆಮಾಚಿ ಬೇರೆಲ್ಲ ಹೇಳಿದರೆ ಅಲ್ಲಿ ಯಾರೂ ನಂಬುವುದಿಲ್ಲ. ಇಲಾಖೆಯ ಚಿಣ್ಣರ ವನದರ್ಶನದಲ್ಲಿ ಪ್ರೌಢಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುವುದುಂಟು, ಆದರೆ ನಮ್ಮ ಮಕ್ಕಳಿಗೆ ಕಾಡು ತೋರಿಸುವ ಅಗತ್ಯವೇನೂ ಇಲ್ಲ, ಕೆಲಸ ತೋರಿಸಬೇಕಾಗಿದೆ. ಆದ್ದರಿಂದ ಬೆಳೆಹಾನಿಯ ಸ್ಥಳ ಪರಿಶೀಲನೆ ಹಾಗೂ ನರ್ಸರಿಯ ಕೆಲಸವನ್ನು ಹತ್ತಿರದಿಂದ ನೋಡಲು ಅನುಮತಿ ಕೋರಿ ವಲಯ ಕಚೇರಿಗೆ ಪತ್ರ ಬರೆಯುತ್ತಿದ್ದೇನೆ. ಪೊನ್ನಂಪೇಟೆಯವರೇ, ಕೃಷಿಕರ ಕೋಟಾಕ್ಕೆ ತಹಶೀಲ್ದಾರರಿಂದ ಪಡೆಯಬೇಕಾದ ಪ್ರಮಾಣಪತ್ರವನ್ನು ಸಿಇಟಿ ಅರ್ಜಿಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಬೇಕೇ, ಮತ್ತು ಜಮೀನು ಅಜ್ಜನ ಹೆಸರಿನಲ್ಲೇ ಇದ್ದು ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗದಿದ್ದರೆ ಏನು ಮಾಡಬೇಕು? ನನ್ನ ತರಗತಿಯಲ್ಲಿ ಅಂಥ ಮನೆಗಳ ಮಕ್ಕಳೇ ಹೆಚ್ಚು.